ಪಿಎಸ್‌ಎ ಮತ್ತೆ ಏರಿದಾಗ

ಕ್ಯಾನ್ಸರ್ ಬಂದ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಕಾಣಿಸಬಾರದು. ಅದನ್ನು ತಯಾರಿಸುವ ಅಂಗವೇ ಒಳಗಿಲ್ಲ. ಆದರೂ ಆಪರೇಷನ್ ಆದವರಲ್ಲಿ ನೂರಕ್ಕೆ 20ರಿಂದ 40 ಮಂದಿಗೆ ಮುಂದೆ ಎಂದಾದರೊಮ್ಮೆ ಅದು ಮತ್ತೆ ತಲೆ ಎತ್ತುತ್ತದೆ. ಬಸವನಗುಡಿಯ ಡಿವಿಜಿ ರಸ್ತೆಯಲ್ಲೋ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲೋ ಬೆಳಿಗ್ಗೆ ರಕ್ತ ಕೊಟ್ಟು ಬಂದವರ ಮೊಬೈಲಿಗೆ ಸಂಜೆ ರಿಪೋರ್ಟ್ ಬರುತ್ತದೆ. ಕಳೆದ ವರ್ಷ 0.04 ಇದ್ದದ್ದು ಈಗ 0.21. ಮೈಯಲ್ಲಿ ನೋವಿಲ್ಲ, ಊಟ ನಿದ್ದೆ ಸರಿಯಾಗಿದೆ, ಲಾಲ್‌ಬಾಗಿನ ವಾಕಿಂಗ್ ಒಂದು ದಿನವೂ ತಪ್ಪಿಲ್ಲ. ಆದರೂ 0.2 ದಾಟಿ, ಇನ್ನೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಬಂದರೆ ಕಾಯಿಲೆ ಮರುಕಳಿಸಿದೆ ಎಂದೇ ವೈದ್ಯರ ಲೆಕ್ಕ.

ಬೆಂಗಳೂರಿನಲ್ಲಿ ಈ ಸುದ್ದಿ ಬರುವ ಮನೆಗಳು ಕಡಿಮೆಯೇನಲ್ಲ. ಕಿದ್ವಾಯಿ ಆಸ್ಪತ್ರೆ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ಇಟ್ಟುಕೊಂಡು ಬಂದಿದೆ. ಗಂಡಸರಿಗೆ ಬರುವ ಕ್ಯಾನ್ಸರ್‌ಗಳ ಪೈಕಿ ಪ್ರಾಸ್ಟೇಟ್ ಈಗ ಆ ನೋಂದಣಿಯ ಮೊದಲ ಸಾಲಿನಲ್ಲಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಎಪ್ಪತ್ತರ ಆಸುಪಾಸಿನ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಬಹಳ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ವಿಡಿಯೊ ಕಾಲಿನಲ್ಲಿ ಮಗ ಹೇಳುತ್ತಾನೆ: ‘ಅಪ್ಪಾ, ಏನೇನಿದೆಯೋ ಎಲ್ಲಾ ಮಾಡಿಸಿಬಿಡೋಣ.’ ಅಪ್ಪ ಹೇಳುತ್ತಾರೆ: ‘ಚೆನ್ನಾಗೇ ಇದೀನಲ್ಲೋ, ಈಗ್ಯಾಕೆ ಅದೆಲ್ಲ?’

ಇಬ್ಬರ ಮಾತಿಗೂ ಆಧಾರವಿದೆ. ಅಪ್ಪನ ಪರವಾಗಿ ಹೇಳಬಹುದಾದ್ದು 1999ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಪ್ರಕಟಿಸಿದ ಅಧ್ಯಯನ. ಆಪರೇಷನ್ ನಂತರ ಪಿಎಸ್‌ಎ ಏರಿದರೂ ತಕ್ಷಣ ಚಿಕಿತ್ಸೆ ಕೊಡದೆ ಗಮನಿಸಿದ ಗಂಡಸರಲ್ಲಿ, ಕಾಯಿಲೆ ಬೇರೆ ಕಡೆ ಹರಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಮಧ್ಯಮ ಲೆಕ್ಕದಲ್ಲಿ 8 ವರ್ಷ ಕಳೆದಿತ್ತು. ಅಲ್ಲಿಂದ ಸಾವಿಗೆ ಇನ್ನೂ 5 ವರ್ಷ. 78ರ ಹಿರಿಯರೊಬ್ಬರಿಗೆ ಈ ಲೆಕ್ಕ ಸಣ್ಣ ಸಮಾಧಾನವಲ್ಲ. ಮಗನ ಪರವಾಗಿ ಹೇಳಬಹುದಾದ್ದು ಅದೇ ಅಧ್ಯಯನದ ಇನ್ನೊಂದು ಮುಖ. ಕಾಯಿಲೆಯ ಉಗ್ರತೆ ಅಳೆಯುವ ಗ್ಲೀಸನ್ ಸ್ಕೋರ್ 8 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ, ಆಪರೇಷನ್ ಆದ ಎರಡು ವರ್ಷದೊಳಗೇ ಪಿಎಸ್‌ಎ ಏರಿದವರಲ್ಲಿ, ಆ ಅಂಕಿ ಕೆಲವೇ ತಿಂಗಳಲ್ಲಿ ದುಪ್ಪಟ್ಟಾದವರಲ್ಲಿ ಕಾಯಿಲೆ ಅಷ್ಟು ನಿಧಾನವಾಗಿ ನಡೆಯಲಿಲ್ಲ. ಅದೂ ಅಲ್ಲದೆ ಗುಣವಾಗುವ ಇನ್ನೊಂದು ಅವಕಾಶ ಇರುವುದು ಈಗಲೇ. ಅದು ಎಂಟು ವರ್ಷ ಕಾಯುವುದಿಲ್ಲ.

ಈ ಹಂತದಲ್ಲಿ ವೈದ್ಯರು ಮುಂದಿಡುವ ರೇಡಿಯೇಷನ್ ಮತ್ತು ಹಾರ್ಮೋನ್ ಚಿಕಿತ್ಸೆ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿಸಿಕೊಂಡು ಮನೆಯವರು ‘ಹೂಂ’ ಅಥವಾ ‘ಬೇಡ’ ಅನ್ನುವುದೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇವೆರಡನ್ನು ಬಿಡಿಸಿಟ್ಟು ನೋಡಬೇಕು. ರೇಡಿಯೇಷನ್ ಬಗೆಗಿನ ಪ್ರಶ್ನೆಗೆ ವೈದ್ಯಶಾಸ್ತ್ರದ ಬಳಿ ಸಾಕಷ್ಟು ಗಟ್ಟಿಯಾದ ಉತ್ತರವಿದೆ. ಹಾರ್ಮೋನ್ ಬಗೆಗಿನ ಪ್ರಶ್ನೆಗೆ ಇಲ್ಲ. ಅಲ್ಲಿ ಉತ್ತರ ಕಾಯಿಲೆಯನ್ನು ಎಷ್ಟು ಅವಲಂಬಿಸಿದೆಯೋ ಆ ಮನುಷ್ಯನ ಹೃದಯ, ಸಕ್ಕರೆ, ಮೂಳೆ, ಮುಂದಿನ ವರ್ಷಗಳನ್ನೂ ಅಷ್ಟೇ ಅವಲಂಬಿಸಿದೆ.

ಮೊದಲು ರೇಡಿಯೇಷನ್. ಗ್ರಂಥಿ ಇದ್ದ ಜಾಗಕ್ಕೆ ಒಟ್ಟು 64ರಿಂದ 70 ಗ್ರೇ ಪ್ರಮಾಣವನ್ನು ವಾರಕ್ಕೆ ಐದು ದಿನದಂತೆ ಆರೂವರೆ ಏಳು ವಾರ ಕೊಡುವುದು ರೂಢಿ. ಕೆಲವರಲ್ಲಿ ಸೊಂಟದ ದುಗ್ಧಗ್ರಂಥಿಗಳನ್ನೂ ಸೇರಿಸುತ್ತಾರೆ. 20 ಸಿಟ್ಟಿಂಗಿನಲ್ಲಿ ಮುಗಿಸುವ ಕ್ರಮವೂ ಬಂದಿದೆ. ರೇಡಿಯೇಷನ್ನಿನ ದೊಡ್ಡ ಗುಣವೆಂದರೆ ಮರುಕಳಿಸಿದ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಸಾಧ್ಯತೆ ಇನ್ನೂ ಇದೆ ಎಂಬುದು. ಹಾರ್ಮೋನ್ ಒಂದರಿಂದಲೇ ಅದು ಆಗುವುದಿಲ್ಲ. ಆ ಸಾಧ್ಯತೆ ಪಿಎಸ್‌ಎ ಏರಿದಂತೆಲ್ಲ ಕರಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ರೇಡಿಯೇಷನ್ ಶುರುಮಾಡುವ ಮುನ್ನ ಪಿಎಸ್‌ಎ 0.1ರಷ್ಟು ಏರಿದಾಗಲೆಲ್ಲ ಯಶಸ್ಸು ಸುಮಾರು ಶೇ 2.6ರಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿತು. ಅದಕ್ಕೇ 0.5 ತಲುಪುವ ಮುಂಚೆಯೇ, ಸಾಧ್ಯವಾದರೆ 0.2ರ ಹತ್ತಿರದಲ್ಲೇ, ಶುರುಮಾಡಿ ಅನ್ನುತ್ತಾರೆ.

ಹಾಗಾದರೆ ಪಿಎಸ್‌ಎ ಏರುವುದಕ್ಕೂ ಮುಂಚೆ, ಆಪರೇಷನ್ ಆದ ಕೂಡಲೇ ಎಲ್ಲರಿಗೂ ಕೊಟ್ಟುಬಿಟ್ಟರೆ? ಹತ್ತು ಹದಿನೈದು ವರ್ಷ ಈ ವಾದ ನಡೆಯಿತು. 2020ರಲ್ಲಿ ಪ್ರಕಟವಾದ ರಾಡಿಕಲ್ಸ್ ಪರೀಕ್ಷೆಯಲ್ಲಿ 1,396 ಗಂಡಸರಿದ್ದರು. ಮುಂಚೆಯೇ ಕೊಟ್ಟಿದ್ದರಿಂದ ಲಾಭ ಕಾಣಲಿಲ್ಲ, ಮೂತ್ರ ಸೋರುವ ತೊಂದರೆ ಮಾತ್ರ ಹೆಚ್ಚಾಯಿತು. ಗಮನಿಸುತ್ತ ಇದ್ದು, ಏರಿದಾಗ ಬೇಗ ಕೊಡುವುದೇ ಸರಿ ಎಂಬಲ್ಲಿಗೆ ಆ ಚರ್ಚೆ ಬಹುಮಟ್ಟಿಗೆ ಮುಗಿದಿದೆ.

ರೇಡಿಯೇಷನ್ನಿಗೆ ಎದುರಾಗಿ ಹೇಳಬೇಕಾದ್ದೂ ಇದೆ. ಮೊದಲನೆಯದು, ಕಾಣದ ಶತ್ರುವಿನ ಮೇಲೆ ಗುರಿ ಇಡುವ ಕಷ್ಟ. ಈಗ ಬೆಂಗಳೂರಿನ ಹಲವು ಕಡೆ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಸಿಗುತ್ತದೆ. ಹಳೆಯ ಬೋನ್ ಸ್ಕ್ಯಾನಿಗೆ ಸಿಗದ ಸಣ್ಣ ಗಂಟನ್ನೂ ಅದು ಹಿಡಿಯುತ್ತದೆ. ಆದರೆ ಪಿಎಸ್‌ಎ 0.3ರಷ್ಟು ಇರುವಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದಕ್ಕೂ ಏನೂ ಕಾಣುವುದಿಲ್ಲ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂತಾರೆ, ಆದರೂ ಕರೆಂಟ್ ಕೊಡಬೇಕು ಅಂತಾರೆ’ ಎಂಬ ಗೊಂದಲ ಸಹಜ. ಸ್ಕ್ಯಾನ್ ಖಾಲಿ ಬಂದದ್ದನ್ನು ಕಾಯಿಲೆ ಇಲ್ಲ ಎಂದು ಓದಬಾರದು. ಅಷ್ಟು ಸಣ್ಣದಿರುವಾಗಲೇ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುವುದು. ಹಾಗಿದ್ದೂ ಕೆಲವರಲ್ಲಿ ಕಾಯಿಲೆ ಆಗಲೇ ಸೊಂಟ ದಾಟಿ ಹೋಗಿರುತ್ತದೆ. ಅವರಿಗೆ ಏಳು ವಾರದ ಓಡಾಟ ವ್ಯರ್ಥವಾಗುತ್ತದೆ.

ಎರಡನೆಯದು ಅಕ್ಕಪಕ್ಕದ ಅಂಗಗಳಿಗೆ ತಾಗುವ ಬಿಸಿ. ಚಿಕಿತ್ಸೆ ನಡೆಯುವಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಉರಿ, ಭೇದಿ ಬಹುತೇಕರಿಗೆ ಬಂದು ಹೋಗುವ ತೊಂದರೆಗಳು. ಮೂತ್ರದಲ್ಲೋ ಮಲದಲ್ಲೋ ರಕ್ತ ಕಾಣುವುದು, ಮೂತ್ರನಾಳ ಕಿರಿದಾಗುವುದು ಕೆಲವರಿಗೆ ವರ್ಷಗಳ ಮೇಲೆ ಬರಬಹುದು. ಆಪರೇಷನ್ನಿನಿಂದ ಮೂತ್ರ ಸೋರುವಿಕೆ ಇನ್ನೂ ಸುಧಾರಿಸುತ್ತಿದ್ದರೆ, ರೇಡಿಯೇಷನ್ ಆ ಸುಧಾರಣೆಯನ್ನು ಇದ್ದಲ್ಲಿಗೇ ನಿಲ್ಲಿಸುವುದುಂಟು. ಅಂಥವರಿಗೆ ಕೆಲವು ವಾರ ತಡೆದು, ಪ್ಯಾಡ್ ಬಿಡುವ ಹಂತಕ್ಕೆ ಬಂದ ಮೇಲೆ ಶುರುಮಾಡುವುದರಲ್ಲಿ ನ್ಯಾಯವಿದೆ. ಆಷಾಢ ಕಳೆಯಲಿ, ಮಗಳ ಬಾಣಂತನ ಮುಗಿಯಲಿ ಅಂದರೂ ನಿಧಾನದ ಕಾಯಿಲೆಯಲ್ಲಿ ಒಂದೆರಡು ತಿಂಗಳು ದೊಡ್ಡ ನಷ್ಟವಲ್ಲ. ಮುಂದಿನ ವರ್ಷ ನೋಡೋಣ ಅನ್ನುವುದು ನಷ್ಟ.

ದಿನದಿನದ ಕಷ್ಟವೊಂದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಮೇಜಿನ ಮೇಲೆ ಮಲಗುವ ಹೊತ್ತಿಗೆ ಗುದನಾಳ ಖಾಲಿ ಇರಬೇಕು, ಮೂತ್ರಕೋಶ ತುಂಬಿರಬೇಕು. ಮೂತ್ರಕೋಶ ತುಂಬಿದರೆ ಅದೂ ಕರುಳೂ ಕಿರಣದ ದಾರಿಯಿಂದ ಮೇಲೆ ಸರಿಯುತ್ತವೆ. ಹಾಗಾಗಿ ಒಮ್ಮೆ ಮೂತ್ರ ಮಾಡಿ, ಅರ್ಧ ಲೀಟರಿನಷ್ಟು ನೀರು ಕುಡಿದು, ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಒಳಗೆ ಹೋದ ಮೇಲೆ ಸೊಂಟದ ಮೇಲಿನ ಗುರುತಿಗೆ ಲೇಸರ್ ಗೆರೆ ಕೂಡಿಸಿ, ಚಿಕ್ಕ ಸ್ಕ್ಯಾನ್ ತೆಗೆದು, ನೀರು ಸಾಲದಿದ್ದರೆ ‘ಇನ್ನೊಂದು ಲೋಟ ಕುಡೀರಿ ಸಾರ್’ ಎಂದು ಹೊರಗೆ ಕಳಿಸುತ್ತಾರೆ. ಕಿರಣ ಹಾಯುವುದು ಕೆಲವೇ ನಿಮಿಷ. ತನಗಿಂತ ಮೊದಲಿನವರ ಮಷಿನ್ ಸಮಯ ತಡವಾಯಿತೆಂದರೆ, ಆಪರೇಷನ್ ಆಗಿ ಹಿಡಿತ ಸಡಿಲವಾದ ಮನುಷ್ಯ ಆ ಬೆಂಚಿನ ಮೇಲೆ ಪಡುವ ಸಂಕಟ ಸಣ್ಣದಲ್ಲ. ನೀರನ್ನು ಮನೆಯಲ್ಲೇ ಕುಡಿದು ಹೊರಡಬಾರದು, ಆಸ್ಪತ್ರೆ ತಲುಪಿದ ಮೇಲೆ ಕುಡಿಯಬೇಕು. ಈ ಭಾಗದವರಿಗೆ ಒಂದು ಅನುಕೂಲವಿದೆ. ಶಂಕರಪುರದ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆ ಬಸವನಗುಡಿ, ಚಾಮರಾಜಪೇಟೆಯವರಿಗೆ ಆಟೊ ದೂರ. ಮಲ್ಲೇಶ್ವರದಿಂದ ಮಂತ್ರಿ ಸ್ಕ್ವೇರ್ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನ್ಯಾಷನಲ್ ಕಾಲೇಜಿಗೆ ನಾಲ್ಕನೇ ನಿಲ್ದಾಣ. ಹೊಸೂರು ರಸ್ತೆಯ ಕಿದ್ವಾಯಿಗೆ ಹೋಗುವವರಿಗೆ ದಾರಿ ಉದ್ದ, ಸರದಿಯೂ ಉದ್ದ, ಖರ್ಚು ಕಡಿಮೆ.

ಇಷ್ಟೆಲ್ಲ ತೂಗಿದರೂ, ಇನ್ನೂ ಹತ್ತು ವರ್ಷ ಬಾಳಬಲ್ಲ ಗಂಡಸಿಗೆ ಪಿಎಸ್‌ಎ ನಿಜವಾಗಿ ಏರುತ್ತಿದ್ದರೆ ತಕ್ಕಡಿ ರೇಡಿಯೇಷನ್ ಕಡೆಗೇ ವಾಲುತ್ತದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಹಾರ್ಮೋನ್ ಮಾತು ಬೇರೆ. 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗ್ಗಿನ್ಸ್, ವೃಷಣ ತೆಗೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಮುದುಡುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಟೆಸ್ಟೋಸ್ಟಿರಾನ್ ಸಿಗದಿದ್ದರೆ ಈ ಕೋಶಗಳು ಸೊರಗುತ್ತವೆ ಎಂಬ ಆ ತಿಳಿವಳಿಕೆಯೇ ಇಂದಿನ ಇಂಜೆಕ್ಷನ್ನುಗಳ ಬುಡ. ಲ್ಯುಪ್ರೊಲೈಡ್, ಗೊಸೆರೆಲಿನ್ ಮುಂತಾದವನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುತ್ತಾರೆ. ಬೈಕಾಲುಟಮೈಡ್ ಮಾತ್ರೆ ಟೆಸ್ಟೋಸ್ಟಿರಾನನ್ನು ಇಳಿಸುವುದಿಲ್ಲ, ಅದು ಕೋಶಕ್ಕೆ ತಾಗದಂತೆ ತಡೆಯುತ್ತದೆ. ರೇಡಿಯೇಷನ್ ಜೊತೆಗೆ ಇವುಗಳಲ್ಲೊಂದನ್ನು ಕೊಟ್ಟರೆ ಸೊಂಟದೊಳಗಿನ ಕೋಶ ಕಿರಣಕ್ಕೆ ಬೇಗ ಸಾಯುತ್ತದೆ, ಹೊರಗೆ ತಪ್ಪಿಸಿಕೊಂಡದ್ದಕ್ಕೂ ಕಡಿವಾಣ ಬೀಳುತ್ತದೆ ಎಂಬುದು ವಾದ.

ಸಾಕ್ಷ್ಯ ಇದೆ. ಅಮೆರಿಕ, ಕೆನಡಾದ 760 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ರೇಡಿಯೇಷನ್ ಜೊತೆ ಎರಡು ವರ್ಷ ಬೈಕಾಲುಟಮೈಡ್ ಕೊಟ್ಟರು. 12 ವರ್ಷದ ಕೊನೆಗೆ ಆ ಗುಂಪಿನಲ್ಲಿ ನೂರಕ್ಕೆ 76 ಮಂದಿ ಬದುಕಿದ್ದರು, ಬರೀ ರೇಡಿಯೇಷನ್ ಪಡೆದವರಲ್ಲಿ 71. ನೂರಕ್ಕೆ ಐದು ಜೀವ ಉಳಿದದ್ದು ಕಡಿಮೆಯಲ್ಲ. ಅದೇ ಗುಂಪಿನಲ್ಲಿ ನೂರಕ್ಕೆ ಸುಮಾರು 70 ಗಂಡಸರಿಗೆ ಎದೆ ಊದಿತು. ಫ್ರಾನ್ಸಿನ 743 ಮಂದಿಯ ಪರೀಕ್ಷೆಯಲ್ಲಿ ಬರೀ ಆರು ತಿಂಗಳ ಗೊಸೆರೆಲಿನ್ ಕೊಟ್ಟರು. ಹತ್ತು ವರ್ಷದಲ್ಲಿ ಕಾಯಿಲೆ ಮುಂದುವರಿಯದೆ ಉಳಿದವರು ನೂರಕ್ಕೆ 49 ಇದ್ದದ್ದು 64ಕ್ಕೆ ಏರಿತು. ಆದರೆ ಒಟ್ಟು ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

2024ರಲ್ಲಿ ರಾಡಿಕಲ್ಸ್ ತಂಡದ ಹಾರ್ಮೋನ್ ಫಲಿತಾಂಶ ಬಂದಾಗ ವಿಷಯ ಇನ್ನಷ್ಟು ಜಟಿಲವಾಯಿತು. ಆರು ತಿಂಗಳು ಕೊಟ್ಟವರನ್ನು ಹಾರ್ಮೋನ್ ಕೊಡದವರಿಗೆ ಹೋಲಿಸಿದರೆ, ಹತ್ತು ವರ್ಷದಲ್ಲಿ ಕಾಯಿಲೆ ದೂರಕ್ಕೆ ಹರಡದೆ ಉಳಿದವರು ಎರಡೂ ಕಡೆ ನೂರಕ್ಕೆ 80ರ ಹತ್ತಿರ. ಎರಡು ವರ್ಷ ಕೊಟ್ಟವರನ್ನು ಆರು ತಿಂಗಳು ಕೊಟ್ಟವರಿಗೆ ಹೋಲಿಸಿದರೆ 78 ಮತ್ತು 72, ಅಂದರೆ ದೀರ್ಘ ಚಿಕಿತ್ಸೆಗೆ ಸ್ಪಷ್ಟ ಲಾಭ. ಒಂದೇ ಪರೀಕ್ಷೆ ಎರಡು ಮಾತಾಡಿದಂತೆ ಕೇಳುತ್ತದೆ. ಆದರೆ ಯಾವ ಹೋಲಿಕೆಗೆ ಯಾರನ್ನು ಸೇರಿಸಬೇಕೆಂಬುದನ್ನು ವೈದ್ಯರೂ ರೋಗಿಗಳೂ ಸೇರಿ ತೀರ್ಮಾನಿಸಿದ್ದರು. ಸೌಮ್ಯ ಕಾಯಿಲೆಯವರು ಮೊದಲ ಹೋಲಿಕೆಗೆ, ಉಗ್ರ ಕಾಯಿಲೆಯವರು ಎರಡನೆಯದಕ್ಕೆ ಹೆಚ್ಚಾಗಿ ಹೋದರು. ನಾನು ಇದರಿಂದ ಓದಿಕೊಳ್ಳುವುದು ಇಷ್ಟು: ಸೌಮ್ಯ ಕಾಯಿಲೆಗೆ ಹಾರ್ಮೋನ್ ಸೇರಿಸಿ ದೊಡ್ಡ ಪ್ರಯೋಜನವಿಲ್ಲ. ಉಗ್ರ ಕಾಯಿಲೆಗೆ ಕೊಡುವುದಾದರೆ ಆರು ತಿಂಗಳಿಗೆ ನಿಲ್ಲಿಸಿ ಕೈತೊಳೆದುಕೊಳ್ಳುವುದು ಸಾಲದೇ ಹೋಗಬಹುದು.

ಇನ್ನು ದೇಹ ತೆರುವ ಬೆಲೆ. ಟೆಸ್ಟೋಸ್ಟಿರಾನ್ ಇಳಿದರೆ ಮೂಳೆ ಸವೆಯುತ್ತದೆ, ಮಾಂಸಖಂಡ ಕರಗಿ ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ, ಹೃದಯದ ಅಪಾಯ ಹೆಚ್ಚುತ್ತದೆ, ಮನಸ್ಸು ಮಂಕಾಗುತ್ತದೆ. ಮನೆಗೊಬ್ಬರಾದರೂ ಸಕ್ಕರೆ ಕಾಯಿಲೆಯವರಿರುವ ನಮ್ಮ ಬೆಂಗಳೂರಿನಲ್ಲಿ ಇದು ಅಡಿಟಿಪ್ಪಣಿಯ ವಿಷಯವಲ್ಲ. ಮೇಲೆ ಹೇಳಿದ 760 ಮಂದಿಯ ಅಂಕಿಗಳನ್ನೇ 2020ರಲ್ಲಿ ಮತ್ತೆ ಬಿಡಿಸಿ ನೋಡಿದಾಗ, ಪಿಎಸ್‌ಎ 0.6ಕ್ಕಿಂತ ಕಡಿಮೆ ಇದ್ದಾಗಲೇ ರೇಡಿಯೇಷನ್ ಪಡೆದವರಿಗೆ ಮಾತ್ರೆಯಿಂದ ಆಯಸ್ಸು ಹೆಚ್ಚಲಿಲ್ಲ. ಹೃದಯದ ತೊಂದರೆ, ಬೇರೆ ಕಾರಣದ ಸಾವು ಹೆಚ್ಚು ಕಂಡವು. ಪಿಎಸ್‌ಎ 1.5 ದಾಟಿದ್ದವರಿಗೆ ಲಾಭ ಎದ್ದು ಕಂಡಿತು. ಇದು ಪರೀಕ್ಷೆ ಮುಗಿದ ಮೇಲೆ ಮಾಡಿದ ವಿಶ್ಲೇಷಣೆ, ಇದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಕೇಳದೆ ಸಹಿ ಹಾಕಬಾರದು.

ಹಾರ್ಮೋನ್ ಪರವಾಗಿ ಇದನ್ನೂ ಹೇಳಬೇಕು. ಇಂಜೆಕ್ಷನ್ ನಿಂತ ಮೇಲೆ ಬಹುತೇಕ ತೊಂದರೆಗಳು ನಿಧಾನವಾಗಿ ಇಳಿಯುತ್ತವೆ. ಆರು ತಿಂಗಳ ಕೋರ್ಸಿನ ನಂತರ ಟೆಸ್ಟೋಸ್ಟಿರಾನ್ ಸಾಮಾನ್ಯವಾಗಿ ಮರಳುತ್ತದೆ. ಎರಡು ವರ್ಷದ ನಂತರ ವಯಸ್ಸಾದವರಲ್ಲಿ ತಡವಾಗುತ್ತದೆ, ಕೆಲವರಲ್ಲಿ ಮರಳುವುದೇ ಇಲ್ಲ. ಶುರುವಿನಲ್ಲೇ ಡೆಕ್ಸಾ ಸ್ಕ್ಯಾನ್ ಮಾಡಿಸಿ ಮೂಳೆ ನೋಡಿಕೊಂಡು, ಕ್ಯಾಲ್ಸಿಯಂ, ವಿಟಮಿನ್ ಡಿ ತೆಗೆದುಕೊಂಡರೆ ಹಾನಿಯನ್ನು ತಗ್ಗಿಸಬಹುದು. ನಮ್ಮ ಹಿರಿಯರು ಕೃಷ್ಣರಾವ್ ಪಾರ್ಕಿನಲ್ಲಿ ನಡೆಯುತ್ತಾರೆ, ಅದು ಒಳ್ಳೆಯದೇ, ಆದರೆ ಕರಗುವ ಮಾಂಸಖಂಡಕ್ಕೆ ಬರೀ ನಡಿಗೆ ಸಾಲದು. ಭಾರ ಎತ್ತುವ, ಕೂತು ಏಳುವ ವ್ಯಾಯಾಮ ಬೇಕು.

ವೈದ್ಯರ ಕೋಣೆಯಲ್ಲಿ ಮೂತ್ರದ ಮಾತನ್ನಾದರೂ ಗಂಡಸರು ಆಡುತ್ತಾರೆ. ಹಾಸಿಗೆಯ ಮಾತು ಆಡುವುದಿಲ್ಲ. ಹಾರ್ಮೋನ್ ಶುರುವಾದ ಮೇಲೆ ಆಸೆಯೇ ಇಂಗಿಹೋಗುತ್ತದೆ ಎಂಬುದನ್ನು ಅರವತ್ತೈದರ ಗಂಡ ಹೆಂಡತಿಗೆ ಹೇಳಬೇಕಾಗಿಲ್ಲ ಎಂದು ಯಾರೋ ತೀರ್ಮಾನಿಸಿಬಿಟ್ಟಂತಿದೆ. ಇದು ತಪ್ಪು. ಹೆಂಡತಿಯನ್ನು ಒಳಗೆ ಕರೆದು ಕೂರಿಸಿದರೆ ಎಷ್ಟೋ ವಿಷಯ ಹೊರಬರುತ್ತದೆ. ‘ಇವರು ಹೇಳಲ್ಲ ಡಾಕ್ಟ್ರೇ, ಮೈ ಝಳಕ್ಕೆ ಬೆವೆತು ರಾತ್ರಿ ಮೂರು ಸಲ ಬನಿಯನ್ ಬದಲಾಯಿಸ್ತಾರೆ’ ಎಂದು ಹೇಳುವವರು ಅವರೇ. ಮುಟ್ಟು ನಿಂತ ಕಾಲದಲ್ಲಿ ಆ ಝಳ, ಆ ಬೆವರು ಅವರ ಮೈಮೇಲೂ ಹಾದುಹೋಗಿರುತ್ತದೆ.

ದುಡ್ಡಿನ ಲೆಕ್ಕ ಚಿಕ್ಕದಾಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಇಂಜೆಕ್ಷನ್ ಖರ್ಚು ತಪ್ಪಿಸಲು ವೃಷಣ ತೆಗೆಯುವ ಆಪರೇಷನ್ ಸೂಚಿಸುವುದುಂಟು. ದೇಹದೆಲ್ಲೆಡೆ ಹರಡಿದ ಕಾಯಿಲೆಗೆ ಅದು ಇವತ್ತಿಗೂ ಒಪ್ಪುವ ದಾರಿ. ಆರು ತಿಂಗಳೋ ಎರಡು ವರ್ಷವೋ ಮಾತ್ರ ಹಾರ್ಮೋನ್ ಬೇಕಾದವರಿಗೆ ಅಲ್ಲ, ಏಕೆಂದರೆ ಅದು ಮರಳಿ ಬಾರದ ಹೆಜ್ಜೆ.

ಮೊದಲ ಚಿಕಿತ್ಸೆಯಾಗಿಯೇ ರೇಡಿಯೇಷನ್ ಪಡೆದವರ ಲೆಕ್ಕ ಬೇರೆ. ಅವರಲ್ಲಿ ಗ್ರಂಥಿ ಒಳಗೇ ಇರುವುದರಿಂದ ಪಿಎಸ್‌ಎ ತಾನು ಇಳಿದ ಅತಿ ಕಡಿಮೆ ಮಟ್ಟಕ್ಕಿಂತ 2 ಅಂಕ ಮೇಲೇರಿದಾಗ ಮಾತ್ರ ಮರುಕಳಿಸಿದೆ ಅನ್ನುತ್ತಾರೆ. ಅದೇ ಜಾಗಕ್ಕೆ ಮತ್ತೆ ಕಿರಣ ಕೊಡುವುದು ಕೆಲವರಿಗಷ್ಟೇ ಸಾಧ್ಯ, ಹಾಗಾಗಿ ಬಹಳ ಮಂದಿ ಹಾರ್ಮೋನ್ ಕಡೆಗೇ ಬರುತ್ತಾರೆ. ಅವರಿಗೆ ಬಿಟ್ಟು ಬಿಟ್ಟು ಕೊಡುವ ಕ್ರಮವೂ ಇದೆ. 2012ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ಎಡೆಬಿಡದೆ ಪಡೆದವರು ಮಧ್ಯಮ ಲೆಕ್ಕದಲ್ಲಿ 9.1 ವರ್ಷ, ಬಿಟ್ಟು ಬಿಟ್ಟು ಪಡೆದವರು 8.8 ವರ್ಷ ಬದುಕಿದರು. ನಡುವಿನ ಬಿಡುವಿನಲ್ಲಿ ಇವರ ಝಳ, ಆಯಾಸ, ಆಸೆಯ ಕೊರತೆ ತಗ್ಗಿತ್ತು.

ಈಗ ಇಬ್ಬರನ್ನು ಕಲ್ಪಿಸಿಕೊಳ್ಳಿ. ಮಲ್ಲೇಶ್ವರದವರಿಗೆ 64, ಗ್ಲೀಸನ್ 4+4. ಆಪರೇಷನ್ ಆಗಿ ಹದಿನಾಲ್ಕು ತಿಂಗಳಿಗೆ ಪಿಎಸ್‌ಎ 0.3, ನಾಲ್ಕು ತಿಂಗಳಿಗೆ ದುಪ್ಪಟ್ಟಾಗುತ್ತಿದೆ. ಹೃದಯ ಗಟ್ಟಿ, ಸಕ್ಕರೆ ಇಲ್ಲ. ಇವರಿಗೆ ಸ್ಕ್ಯಾನ್ ಮಾಡಿಸಿ, ಅದು ಖಾಲಿ ಬಂದರೂ ರೇಡಿಯೇಷನ್ ಶುರುಮಾಡಿ, ಜೊತೆಗೆ ಹಾರ್ಮೋನ್ ಕೊಡಬೇಕೆಂದೇ ನನಗೆ ಅನ್ನಿಸುತ್ತದೆ. ಎರಡು ವರ್ಷದ ಮಾತನ್ನೂ ಎತ್ತಬೇಕು. ‘ಆರು ತಿಂಗಳಾದ ಮೇಲೆ ಮೈ ತಡೆಯದಿದ್ದರೆ ನಿಲ್ಲಿಸಬಹುದೇ’ ಎಂದು ಕೇಳುವ ಹಕ್ಕು ಅವರಿಗಿದೆ. ಇಂಥ ವೇಗದ ಕಾಯಿಲೆಯಲ್ಲಿ ‘ಚೆನ್ನಾಗೇ ಇದೀನಲ್ಲ’ ಎಂಬ ಮಾತಿಗೆ ಕಿವಿಗೊಟ್ಟರೆ ಕೈತಪ್ಪುವುದು ಗುಣವಾಗುವ ಅವಕಾಶವೇ.

ಚಾಮರಾಜಪೇಟೆಯವರಿಗೆ 76. ಆಪರೇಷನ್ ಆಗಿ ಏಳು ವರ್ಷ, ಗ್ಲೀಸನ್ 3+4, ಪಿಎಸ್‌ಎ 0.24, ದುಪ್ಪಟ್ಟಾಗಲು ಒಂದೂವರೆ ವರ್ಷ ಹಿಡಿದಿದೆ. ಇಪ್ಪತ್ತು ವರ್ಷದ ಸಕ್ಕರೆ, ಹೃದಯಕ್ಕೆ ಎರಡು ಸ್ಟೆಂಟ್. ಇವರಿಗೆ ಹಾರ್ಮೋನ್ ಕೊಟ್ಟರೆ ಕ್ಯಾನ್ಸರ್‌ಗಿಂತ ಮೊದಲು ಹೃದಯ ಕೈಕೊಡುವ ಸಂಭವವೇ ಹೆಚ್ಚು. ರೇಡಿಯೇಷನ್ ಬೇಕೋ ಬೇಡವೋ ಎಂಬುದರಲ್ಲಿ ಇಬ್ಬರು ಒಳ್ಳೆಯ ವೈದ್ಯರು ಬೇರೆ ಬೇರೆ ಹೇಳಬಹುದು, ಇಬ್ಬರೂ ಸರಿಯೇ ಇರಬಹುದು. ಗಮನಿಸುತ್ತ ಇರೋಣ ಎಂದು ತೀರ್ಮಾನವಾದರೆ ಮನೆಯವರಿಗೆ ಏನೂ ಮಾಡದೆ ಬಿಟ್ಟಂತೆ ಕಾಣಬಾರದು. ಹಾಗಾಗಿ ಕಡತದಲ್ಲಿ ಬರೆದಿಡಬೇಕು: ಮೂರು ತಿಂಗಳಿಗೊಮ್ಮೆ ಅದೇ ಲ್ಯಾಬಿನಲ್ಲಿ ರಕ್ತ, ಬೇರೆ ಲ್ಯಾಬಿನ ಅಂಕಿಗೆ ಹೋಲಿಸುವಂತಿಲ್ಲ. ಪಿಎಸ್‌ಎ 0.5ರ ಹತ್ತಿರ ಬಂದರೆ, ಅಥವಾ ದುಪ್ಪಟ್ಟಾಗುವ ಅವಧಿ ಒಂದು ವರ್ಷಕ್ಕಿಂತ ಕೆಳಗಿಳಿದರೆ ಪಿಎಸ್‌ಎಂಎ ಸ್ಕ್ಯಾನ್, ಆಮೇಲೆ ಹಾರ್ಮೋನ್ ಇಲ್ಲದ ರೇಡಿಯೇಷನ್ ಬಗ್ಗೆ ಹೆಂಡತಿಯನ್ನೂ ಕೂರಿಸಿಕೊಂಡು ಇನ್ನೊಮ್ಮೆ ಮಾತುಕತೆ.